ಪೆಟ್ಟಿಗೆಯಿಂದ ತೆಗೆದ ಆಲ್ಕೋ ಎಂಜಿನ್ ನಿಜದ ಹಾಗೆ ಕಾಣಬೇಕಾದರೆ ಏನೇನು ಮಾಡಬೇಕು?

ಕುಂಬಳೆ ಹಳಿ:

ಎಲ್ಲರಿಗೂ ನಮಸ್ಕಾರ. ಎಚ್‌ಒ ಅಳತೆಯ, ಅಂದರೆ ನಿಜದ 87ರಲ್ಲಿ ಒಂದು ಪಾಲಿನ (1:87) ಮಾಡೆಲ್ ರೈಲು ಎಂಜಿನ್ ಒಂದು ನನ್ನ ಮೇಜಿನ ಮೇಲಿದೆ. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ ಡೀಸೆಲ್ ಎಂಜಿನ್ ಡಬ್ಲ್ಯುಡಿಎಂ-3ಎ ಅದು. ಆಕಾರದಲ್ಲಿ ತಕರಾರಿಲ್ಲ. ಉದ್ದ ಮೂತಿ, ಗಿಡ್ಡ ಮೂತಿ, ಕೈಹಿಡಿ ಸರಳು, ರೇಡಿಯೇಟರ್ ಜಾಲರಿ ಎಲ್ಲ ಸರಿಯಾಗೇ ಉಂಟು. ಆದರೂ ಕಣ್ಣು ಹಾಯಿಸಿದ ಕೂಡಲೇ ಪ್ಲಾಸ್ಟಿಕ್ ಎಂದು ಗೊತ್ತಾಗುತ್ತದೆ. ಅದನ್ನು ಹೋಗಲಾಡಿಸುವುದು ಹೇಗೆ ಎಂಬುದೇ ಈ ಚರ್ಚೆ.

ನಾನು ಕಟ್ಟುತ್ತಿರುವುದು ಕುಂಬಳೆ ಸ್ಟೇಷನ್ನಿನ ಒಂದು ತುಂಡು. ಕರೆಂಟಿನ ತಂತಿ ಬರುವ ಮೊದಲಿನ ಕಾಲ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲಿನ ದಿನಗಳು. ನೇತ್ರಾವತಿ, ಮಂಗಳಾ ಗಾಡಿಗಳು ಡೀಸೆಲ್ ಎಂಜಿನ್ ಕಟ್ಟಿಕೊಂಡು ಹೋಗುತ್ತಿದ್ದವು. ನೀಲಿ ಬಣ್ಣದ ಐಸಿಎಫ್ (ಚೆನ್ನೈ ಕಾರ್ಖಾನೆಯ ಹಳೇ ಮಾದರಿ) ಬೋಗಿಗಳು. ಮಳೆ ಇನ್ನೇನು ಬಿಡುವ ಹೊತ್ತು.

ಇಷ್ಟು ವಿವರ ಯಾಕೆ ಕೊಟ್ಟೆ ಅಂದರೆ, ನನ್ನ ಮಾತಿನ ಬೇರು ಅಲ್ಲಿದೆ. ನಮ್ಮಲ್ಲಿ ಹೆಚ್ಚಿನವರು ಮೊದಲು ಬಿಡಿಭಾಗ ಕೊಳ್ಳಲು ಓಡುತ್ತಾರೆ. ಹಿತ್ತಾಳೆಯ ಹಾರ್ನ್, ಏರ್ ಪೈಪ್, ಹೊಸ ಬಫರ್. ಅದೆಲ್ಲ ಆಮೇಲೆ ಆಗಲಿ. ಯಾವ ಎಂಜಿನ್, ಯಾವ ಸಾಲು, ಯಾವ ತಿಂಗಳು ಎಂದು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಒಂದು ನಂಬರಿನ ಎಂಜಿನ್ ಆರಿಸಿ, ಅದರದೇ ನಾಲ್ಕೂ ಕಡೆಯ ಫೋಟೋ ಹುಡುಕಬೇಕು. ಯಾಕೆಂದರೆ ಎಂಜಿನ್ನಿನ ಮೇಲಿನ ಪ್ರತಿ ಕಲೆಗೂ ಒಂದು ಕಾರಣ ಇರುತ್ತದೆ. ಕಾರಣ ಗೊತ್ತಿಲ್ಲದೆ ಹಚ್ಚಿದ ಕಂದು ಬಣ್ಣ ಸುಮ್ನೆ ಕೊಳೆ ಹಾಗೆ ಕಾಣುತ್ತದೆ.

ಗಾಲಿ ಚೌಕಟ್ಟನ್ನೇ ತೆಗೆದುಕೊಳ್ಳಿ. ಕಂಪನಿಯಿಂದ ಬರುವಾಗ ಅದು ಒಂದೇ ಕಪ್ಪು. ನಿಜವಾದ ಆಲ್ಕೋ ಪ್ಲಾಟ್‌ಫಾರಂ ಪಕ್ಕ ನಿಂತಾಗ ಬಗ್ಗಿ ನೋಡಿ. ಎರಕದ ಕಬ್ಬಿಣದ ಬ್ರೇಕ್ ಬ್ಲಾಕ್ ಗಾಲಿಗೆ ಉಜ್ಜಿ ಉಜ್ಜಿ ಸಣ್ಣ ಕಬ್ಬಿಣದ ಪುಡಿ ಹಾರುತ್ತದೆ. ಆ ಪುಡಿ ತೇವಕ್ಕೆ ತುಕ್ಕಾಗುತ್ತದೆ. ಹಾಗಾಗಿ ಚೌಕಟ್ಟಿನ ಬಣ್ಣ ಕಪ್ಪಲ್ಲ, ಕೆಂಪು ಕಲೆಸಿದ ಕಂದು. ಬ್ರೇಕ್ ಬ್ಲಾಕಿನ ಹತ್ತಿರ ದಟ್ಟ, ದೂರ ಹೋದ ಹಾಗೆ ತೆಳು. ಆಕ್ಸಲ್ ಬಾಕ್ಸ್ ಸುತ್ತ ಗ್ರೀಸ್ ಸೋರಿ ಅಲ್ಲಿ ಮಾತ್ರ ಕಪ್ಪು, ಸ್ವಲ್ಪ ಮಿರುಗು. ಮರಳು ಬೀಳುವ ಪೈಪಿನ ಬುಡದಲ್ಲಿ ಬೂದು. ಗಾಲಿಯ ಮುಖ ಎಣ್ಣೆಗಂದು, ಹಳಿಗೆ ತಾಗುವ ಅಂಚು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಇಷ್ಟನ್ನು ಗಾಲಿ ಚೌಕಟ್ಟಿಗೆ ಮಾಡಿದರೆ ಸಾಕು, ಮೇಲಿನ ಬಾಡಿ ಮುಟ್ಟದೆಯೇ ಎಂಜಿನ್ನಿಗೆ ತೂಕ ಬಂದ ಹಾಗೆ ಕಾಣುತ್ತದೆ.

ಹೊಟ್ಟೆಯಡಿಯ ಡೀಸೆಲ್ ಟ್ಯಾಂಕ್ ಇನ್ನೊಂದು ಜಾಗ. ತುಂಬುವ ಮೂತಿಯ ಕೆಳಗೆ ಡೀಸೆಲ್ ಇಳಿದ ಗೆರೆಗಳು ಇರುತ್ತವೆ. ಅವು ಕಪ್ಪಾಗಿ, ಒದ್ದೆಯಾಗಿ ಹೊಳೆಯುತ್ತವೆ. ಸುತ್ತಲಿನ ಧೂಳು ಪೂರ್ತಿ ಮಂಕು. ಒಂದೇ ಟ್ಯಾಂಕಿನ ಮೇಲೆ ಮಿರುಗು, ಮಂಕು ಎರಡೂ ಪಕ್ಕಪಕ್ಕ ಬಂದರೆ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಇದಕ್ಕೆ ಹೊಳಪಿನ ವಾರ್ನಿಷ್‌ಗೆ ಒಂದು ಚುಕ್ಕೆ ಕಂದು ಕಲೆಸಿ ಸಣ್ಣ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಎಳೆದರೆ ಆಯಿತು.

ನಿಮ್ಮ ನಿಮ್ಮ ಊರಿನ ಎಂಜಿನ್ ಹೇಗೆ ಕಾಣುತ್ತದೆ, ನೀವು ಹೇಗೆ ಮಾಡುತ್ತೀರಿ, ಹೇಳಿ.

ಆದೋನಿ ಆಲ್ಕೋ:

ಕುಂಬಳೆ ತಮ್ಮ, ಒಳ್ಳೆ ವಿಷಯ ತೆಗೆದೆ. ಯಾವ ಸಾಲು ಎಂದು ಮೊದಲು ಗಟ್ಟಿ ಮಾಡಬೇಕು ಅಂದೆಯಲ್ಲ, ಅದಕ್ಕೆ ನಮ್ಮ ಕಡೆಯ ಮಾತು ಸೇರಿಸುತ್ತೇನೆ. ನಿಮ್ಮಲ್ಲಿ ಮಳೆ, ನಮ್ಮಲ್ಲಿ ಬಿಸಿಲು. ಗುಂತಕಲ್ಲಿನಿಂದ ರಾಯಚೂರು ಕಡೆಗೆ ಬರುವ ಗಾಡಿ ಆದೋನಿಯಲ್ಲಿ ನಿಂತಾಗ ನೋಡು. ಇಲ್ಲಿ ಎರೆಭೂಮಿ. ಹತ್ತಿ ಬೆಳೆಯುವ ನೆಲ. ಒಣಗಿದಾಗ ಅದರ ಧೂಳು ಕಪ್ಪೂ ಅಲ್ಲ, ಕೆಂಪೂ ಅಲ್ಲ, ಬೂದಿ ಬೆರೆತ ಕಂದು. ಅನಂತಪುರದ ಕಡೆಗೆ ಇಳಿದರೆ ನೆಲ ಕೆಂಪಾಗುತ್ತದೆ. ಅದೇ ಎಂಜಿನ್ ಎರಡೂ ಕಡೆ ಓಡಾಡಿದರೆ ಕೆಳಗಡೆ ಎರಡೂ ಧೂಳು ಪದರ ಪದರವಾಗಿ ಕೂತಿರುತ್ತದೆ.

ಬಿಸಿಲಿಗೆ ಬಣ್ಣ ಮಾಸುವುದನ್ನು ಯಾರೂ ಗಮನಿಸುವುದಿಲ್ಲ. ಕೆಂಪು ಬಣ್ಣ ಬೇಗ ಸೋಲುತ್ತದೆ. ಮಾಡು (ಛಾವಣಿ) ಮತ್ತು ಮೂತಿಯ ಮೇಲ್ಭಾಗ ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ. ಬಾಗಿಲ ಕೆಳಗಿನ ನೆರಳಿನ ಜಾಗದಲ್ಲಿ ಮೂಲ ಬಣ್ಣ ಹಾಗೇ ಇರುತ್ತದೆ. ನಾನು ಮಾಡುವುದು ಇಷ್ಟೇ. ಮೂಲ ಬಣ್ಣಕ್ಕೆ ಸ್ವಲ್ಪ ಕ್ರೀಮ್ ಬಣ್ಣ ಕಲೆಸಿ, ತುಂಬಾ ನೀರು ಮಾಡಿ, ಮೇಲ್ಮುಖದ ಜಾಗಗಳಿಗೆ ಮಾತ್ರ ತೆಳ್ಳಗೆ ಹೊಡೆಯುತ್ತೇನೆ. ಕೆಂಪಿಗೆ ನೇರ ಬಿಳಿ ಕಲೆಸಬೇಡಿ, ಗುಲಾಬಿ ಆಗಿಬಿಡುತ್ತದೆ.

ಬಣ್ಣ ತಿಳಿಯಾಗಿಸಲು ಇನ್ನೊಂದು ಕಾರಣವೂ ಇದೆ. ಮಾಡೆಲ್ ಅನ್ನು ನಾವು ಒಂದು ಮಾರು ದೂರದಿಂದ ನೋಡುತ್ತೇವೆ. ನಿಜದ ಲೆಕ್ಕದಲ್ಲಿ ಅದು ನೂರೈವತ್ತು ಮೀಟರಿಗೂ ಜಾಸ್ತಿ. ಅಷ್ಟು ದೂರದ ಎಂಜಿನ್ನಿನ ಬಣ್ಣ ಗಾಳಿಯ ಧೂಳಲ್ಲಿ ಒಂದು ಪಾವು ಮಂಕಾಗಿಯೇ ಕಾಣುತ್ತದೆ. ಡಬ್ಬಿಯಿಂದ ತೆಗೆದ ಗಾಢ ಬಣ್ಣವನ್ನು ಹಾಗೇ ಬಳಿದರೆ ಮಾಡೆಲ್ ಆಟಿಕೆ ಆಗುವುದು ಇದಕ್ಕೇ.

ಕರ್ರಗಿನ ಕಪ್ಪು, ಬೆಳ್ಳಗಿನ ಬಿಳಿ ಎರಡನ್ನೂ ನಾನು ಬಳಸುವುದಿಲ್ಲ. ಕಪ್ಪಿನ ಜಾಗಕ್ಕೆ ಕಡುಬೂದು. ಹೊಗೆ ಕೊಳವೆಯ ಬಾಯಿ ಒಂದನ್ನು ಬಿಟ್ಟು.

ಹೊಸೂರು ಹನ್ನೆರಡು ವೋಲ್ಟ್:

ಆದೋನಿ ಅಣ್ಣ, ಕುಂಬಳೆ ಅಣ್ಣ, ಇಬ್ಬರೂ ನಿಂತ ಎಂಜಿನ್ ಬಗ್ಗೆ ಹೇಳಿದಿರಿ. ನಾನು ಓಡುವ ಎಂಜಿನ್ ಬಗ್ಗೆ ಹೇಳುತ್ತೇನೆ. ಎಷ್ಟೇ ಚೆನ್ನಾಗಿ ಬಣ್ಣ ಬಳಿದರೂ ಸ್ವಿಚ್ ಹಾಕಿದ ಕೂಡಲೇ ಕಲ್ಲು ಎಸೆದ ಹಾಗೆ ಹಾರಿದರೆ ಎಲ್ಲ ಮುಗೀತು.

ಮೊದಲು ವೇಗದ ಲೆಕ್ಕ. ನಿಜದಲ್ಲಿ ಗಂಟೆಗೆ 110 ಕಿಲೋಮೀಟರ್ ಅಂದರೆ ಎಚ್‌ಒ ಅಳತೆಯಲ್ಲಿ ಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್. ಒಂದು ಮೀಟರ್ ಹಳಿ ದಾಟಲು ಹೆಚ್ಚು ಕಡಿಮೆ 3 ಸೆಕೆಂಡ್ ಬೇಕು. ಯಾರ್ಡಿನಲ್ಲಿ 15 ಕಿಲೋಮೀಟರ್ ವೇಗದ ಶಂಟಿಂಗ್ ಆದರೆ ಅದೇ ಒಂದು ಮೀಟರಿಗೆ 21 ಸೆಕೆಂಡ್. ಹಳಿ ಪಕ್ಕ ಒಂದು ಮೀಟರ್ ಗುರುತು ಹಾಕಿ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ನೋಡಿ. ಎಷ್ಟು ಜೋರಾಗಿ ಓಡಿಸುತ್ತಿದ್ದೀರಿ ಎಂದು ಆಗ ಗೊತ್ತಾಗುತ್ತದೆ.

ಡಿಸಿಸಿ, ಅಂದರೆ ಹಳಿಯ ಮೂಲಕ ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ ಇದ್ದವರು ಎಂಜಿನ್ ಒಳಗಿನ ಡಿಕೋಡರ್ ಚಿಪ್‌ನ ಸಿವಿ (ಸೆಟ್ಟಿಂಗ್) ಬೆಲೆಗಳನ್ನು ಮುಟ್ಟದೆ ಬಿಡಬೇಡಿ. ಸಿವಿ 2 ಶುರುವಿನ ವೋಲ್ಟೇಜ್, ಸಿವಿ 5 ಗರಿಷ್ಠ, ಸಿವಿ 6 ನಡುವಿನದು. ಸಿವಿ 3 ವೇಗ ಏರುವ ರೀತಿ, ಸಿವಿ 4 ಇಳಿಯುವ ರೀತಿ. ಮೊದಲ ಸ್ಟೆಪ್‌ನಲ್ಲೇ ಎಂಜಿನ್ ತೆವಳುವ ಹಾಗೆ ಸಿವಿ 2 ಹೊಂದಿಸಿ. ಗರಿಷ್ಠ ವೇಗವನ್ನು ಮೇಲಿನ ಲೆಕ್ಕಕ್ಕೆ ಇಳಿಸಿ. ಆಮೇಲೆ 3 ಮತ್ತು 4ನ್ನು ಏರಿಸಿ. ಇಪ್ಪತ್ತು ಬೋಗಿ ಹಿಂದಿರುವ ಆಲ್ಕೋ ಗಬಕ್ಕನೆ ಹೊರಡುವುದಿಲ್ಲ, ಗಬಕ್ಕನೆ ನಿಲ್ಲುವುದೂ ಇಲ್ಲ.

ಶಬ್ದ ಇರುವ ಡಿಕೋಡರ್ ಆದರೆ ಇನ್ನೊಂದು ಮಜಾ ಇದೆ. ಆಲ್ಕೋ ಥ್ರಾಟಲ್‌ಗೆ ಎಂಟು ನಾಚ್, ಅಂದರೆ ಹಂತ. ನಾಚ್ ಏರಿಸಿದಾಗ ಮೊದಲು ಎಂಜಿನ್ ಸದ್ದು ಏರುತ್ತದೆ, ಟರ್ಬೋ ಹಿಂದೆ ಬೀಳುತ್ತದೆ, ಕರಿ ಹೊಗೆ ಬುಸ್ಸೆಂದು ಬರುತ್ತದೆ, ಗಾಡಿ ಅಲುಗುವುದು ಆಮೇಲೆ. ಆ ತಡವನ್ನು ಡಿಕೋಡರ್‌ನಲ್ಲಿ ಕೂರಿಸಬಹುದು. ಸ್ಪೀಕರನ್ನು ಮಾತ್ರ ಬರಿದೇ ಅಂಟಿಸಬೇಡಿ. ಹಿಂದೆ ಗಾಳಿ ಸೋರದ ಸಣ್ಣ ಡಬ್ಬಿ ಇರಲೇಬೇಕು, ಇಲ್ಲದಿದ್ದರೆ ಸೊಳ್ಳೆ ಸದ್ದು ಬರುತ್ತದೆ.

ದೀಪಗಳ ಬಗ್ಗೆ ಜಗಳ ಮಾಡುವಷ್ಟು ಹೇಳಲಿಕ್ಕಿದೆ. ಹಳೇ ಆಲ್ಕೋ ಹೆಡ್‌ಲೈಟ್ ಹಳದಿ ಕಡೆಗೆ ವಾಲುತ್ತದೆ. ವಾರ್ಮ್ ವೈಟ್ ಎಲ್‌ಇಡಿ ಹಾಕಿ, ಜೊತೆಗೆ ರೆಸಿಸ್ಟರ್ ಜಾಸ್ತಿ ಹಾಕಿ ಬೆಳಕು ತಗ್ಗಿಸಿ. ನೀಲಿ ಹೊಡೆಯುವ ಬಿಳಿ ಎಲ್‌ಇಡಿ ಹಾಕಿದರೆ ಕುಂಬಳೆ ಅಣ್ಣನ ಕಾಲದ ಎಂಜಿನ್ ಇವತ್ತಿನದಾಗಿಬಿಡುತ್ತದೆ. ಇನ್ನು ಮೇಲಿನ ಹಳದಿ ಫ್ಲಾಶರ್ ಲೈಟ್. ಎಷ್ಟೋ ಮಂದಿ ಚೆಂದಕ್ಕೆ ಎಂದು ಅದನ್ನು ಸದಾ ಮಿನುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಅಪಾಯದ ದೀಪ. ಗಾಡಿಗೆ ಏನೋ ಆಗಿದೆ, ಪಕ್ಕದ ಹಳಿಯಲ್ಲಿ ಬರುವವನು ನಿಲ್ಲಿಸಲಿ ಎಂದು ಹಾಕುವುದು. ಬೇರೊಂದು ಫಂಕ್ಷನ್ ಬಟನ್‌ಗೆ ಕೊಟ್ಟು, ಬೇಕಾದಾಗ ಮಾತ್ರ ಹಾಕಿ.

ಅಕ್ಕಲಕೋಟೆ ಸಿಗ್ನಲ್:

ಎಲ್ಲಾ ಓದಿದೆ. ಹುಡುಗರು ಚಲೋ ಬರದೀರಿ. ಆದರ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ, ಸಿಟ್ಟು ಮಾಡಬ್ಯಾಡ್ರಿ.

ಈಗೀಗ ಮಾಡೆಲ್ ಫೋಟೋ ನೋಡಿದರೆ ಎಲ್ಲಾ ಎಂಜಿನ್ನೂ ಗುಜರಿಗೆ ಹೊಂಟಂಗ ಕಾಣತಾವ. ತುಕ್ಕು, ತೂತು, ಮಸಿ. ನಮ್ಮ ರೈಲ್ವೆ ಎಂಜಿನ್ ಹಾಗಿರುವುದಿಲ್ಲ. ಶೆಡ್‌ನಲ್ಲಿ ತೊಳೆಯುತ್ತಾರೆ. ಕೆಲವು ವರ್ಷಕ್ಕೊಮ್ಮೆ ಪಿಒಎಚ್‌ಗೆ, ಅಂದರೆ ಅವಧಿಗೊಮ್ಮೆಯ ಪೂರ್ತಿ ದುರಸ್ತಿಗೆ, ವರ್ಕ್‌ಶಾಪಿಗೆ ಹೋಗಿ ಹೊಸ ಬಣ್ಣ ಹೊಡೆಸಿಕೊಂಡು ಬರುತ್ತದೆ. ಪಿಒಎಚ್ ಮುಗಿಸಿ ಬಂದ ಎಂಜಿನ್ ನಾಲ್ಕು ದಿನ ಮದುವಣಿಗನ ಹಾಗೆ ಇರುತ್ತದೆ. ಅದೂ ನಿಜವೇ ಅಲ್ಲವೇ? ಹೊಳಪು ಇದ್ದ ಮಾತ್ರಕ್ಕೆ ಸುಳ್ಳು ಅನ್ನಬಾರದು. ಬಾಡಿ ಹೊಳೆಯುತ್ತಿದ್ದರೂ ಗಾಲಿ ಚೌಕಟ್ಟು ವಾರದೊಳಗೆ ಕಂದಾಗುತ್ತದೆ, ಮಾಡಿನ ಮೇಲೆ ಮಸಿ ಕೂರುತ್ತದೆ. ಅಷ್ಟು ತೋರಿಸಿ ಬಾಡಿಯನ್ನು ಸ್ವಚ್ಛ ಬಿಟ್ಟರೆ ಅದಕ್ಕಿಂತ ಚೆಂದದ ಎಂಜಿನ್ ಇಲ್ಲ.

ನನ್ನ ಕಣ್ಣಿಗೆ ಚುಚ್ಚುವುದು ಬೇರೆ. ಮುಂದಿನಿಂದ ನೋಡ್ರಿ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. 1:87ಕ್ಕೆ ಇಳಿಸಿದರೆ 19.26 ಮಿಲಿಮೀಟರ್ ಆಗುತ್ತದೆ. ನಾವು ಓಡಿಸುವುದು 16.5 ಮಿಲಿಮೀಟರ್ ಹಳಿಯ ಮೇಲೆ. ಅದು 1435 ಮಿಲಿಮೀಟರ್ ಗೇಜಿನ ದೇಶಗಳಿಗೆ ಲೆಕ್ಕ ಹಾಕಿದ ಹಳಿ. ನಮ್ಮ ಅಗಲದ ಬಾಡಿ ಕೆಳಗೆ ಎರಡೂಮುಕ್ಕಾಲು ಮಿಲಿಮೀಟರ್ ಕಡಿಮೆ ಅಂತರದ ಗಾಲಿ. ಎಂಜಿನ್ ಕಾಲು ಒತ್ತಾಗಿ ಇಟ್ಟುಕೊಂಡು ನಿಂತ ಹಾಗೆ ಕಾಣುತ್ತದೆ. ಎಷ್ಟು ಬಣ್ಣ ಬಳಿದರೂ ಇದು ಹೋಗುವುದಿಲ್ಲ.

ಹಳಿಯನ್ನೇ 19.26ಕ್ಕೆ ಹೊಸದಾಗಿ ಹಾಕಬಹುದು, ಆದರೆ ಪ್ರತಿ ಗಾಲಿ ಜೋಡಿ, ಹಳಿ ಬದಲಿಸುವ ಪ್ರತಿ ಪಾಯಿಂಟ್ ಕೈಯಲ್ಲೇ ಮಾಡಬೇಕು. ಹೊತ್ತು, ತಾಳ್ಮೆ ಇದ್ದವರಿಗೆ ಅದು. ಉಳಿದವರಿಗೆ ಒಂದು ಉಪಾಯ. ಗಾಲಿಗೂ ಹೊರಗಿನ ಚೌಕಟ್ಟಿಗೂ ನಡುವೆ ಬೀಳುವ ಸಂದಿಗೆ ಮಂಕು ಕಡುಗಪ್ಪು ಬಳಿಯಿರಿ. ಅಲ್ಲಿ ಕಣ್ಣು ಹೋಗಬಾರದು. ಗೋವು ತಡೆಯುವ ಗಾರ್ಡ್ ಅನ್ನು ಸರಿಯಾದ ಅಗಲಕ್ಕೆ, ಹಳಿಗೆ ಸಮೀಪ ಇಳಿಸಿ ಕೂರಿಸಿರಿ. ಅರ್ಧ ದೋಷ ಮುಚ್ಚಿಹೋಗುತ್ತದೆ.

ಕುಂಬಳೆ ಹಳಿ:

ಕಾಕಾ, ಸಿಟ್ಟು ಯಾಕೆ, ನೀವು ಹೇಳಿದ್ದು ಸರಿ. ಸ್ವಚ್ಛ ಎಂಜಿನ್ನಿಗೂ ಜಾಗ ಉಂಟು. ಯಾವ ದಿನದ ಎಂಜಿನ್ ಎಂದು ಆರಿಸಿಕೊಳ್ಳಬೇಕು ಎಂಬ ನನ್ನ ಮಾತಿಗೆ ಅದು ಇನ್ನಷ್ಟು ಬಲ. ಪಿಒಎಚ್ ಆದ ವಾರ ಎಂದು ಆರಿಸಿದರೆ ಅದಕ್ಕೆ ತಕ್ಕ ಹಾಗೆ, ಮಳೆಗಾಲದ ಕೊನೆ ಎಂದು ಆರಿಸಿದರೆ ಅದಕ್ಕೆ ತಕ್ಕ ಹಾಗೆ.

ನಮ್ಮ ಮಳೆಗಾಲದ ಎಂಜಿನ್ನಿನ ಲಕ್ಷಣವೇ ಬೇರೆ ಮಾರಾಯ್ರೆ. ಬಾಡಿಯ ಬದಿಗಳನ್ನು ಮಳೆಯೇ ತೊಳೆದುಬಿಡುತ್ತದೆ. ಧೂಳು ನಿಲ್ಲುವುದಿಲ್ಲ. ಆದರೆ ನೀರು ಇಳಿದ ದಾರಿ ನಿಲ್ಲುತ್ತದೆ. ಮಾಡಿನ ಮಸಿ ಕರಗಿ ಬಾಗಿಲ ಸಂದಿಗಳಲ್ಲಿ ನೇರ ಗೆರೆಯಾಗಿ ಇಳಿದಿರುತ್ತದೆ. ಕೆಳಗೆ ಮೆಟ್ಟಿಲು, ಗಾರ್ಡ್, ಟ್ಯಾಂಕಿನ ಅಡಿಭಾಗಕ್ಕೆ ಮುರಕಲ್ಲಿನ ಕೆಂಪು ನೀರು ಸಿಡಿದು ಒಣಗಿರುತ್ತದೆ. ಮೇಲೆ ಸ್ವಚ್ಛ, ಕೆಳಗೆ ಕೆಂಪು. ಆದೋನಿ ಅಣ್ಣನ ಎಂಜಿನ್ ಇದಕ್ಕೆ ಪೂರ್ತಿ ತಿರುಗುಮುರುಗು.

ಒಂದು ಪ್ರಶ್ನೆ. ಮುರಕಲ್ಲಿನ ಬಣ್ಣ ಯಾವ ಡಬ್ಬಿಯಲ್ಲೂ ಸರಿಯಾಗಿ ಸಿಗುತ್ತಿಲ್ಲ. ಅಂಗಳದ ಮಣ್ಣನ್ನೇ ಬಳಸಬಹುದಾ? ಮಂಜೇಶ್ವರ ಅಕ್ಕ ಇದ್ದಾರಾ ಇಲ್ಲಿ?

ಮಂಜೇಶ್ವರ ಬಣ್ಣ:

ಇದ್ದೇನೆ ತಮ್ಮ. ಮಣ್ಣು ಬಳಸಬಹುದು, ಅದಕ್ಕಿಂತ ಸರಿಯಾದ ಬಣ್ಣ ಎಲ್ಲೂ ಸಿಗುವುದಿಲ್ಲ. ಆದರೆ ಹಾಗೇ ಬಳಸಬೇಡಿ.

ಮುರಕಲ್ಲಿನ ಪುಡಿಯನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು ಒಣಗಿಸಿ. ತೆಳು ಬಟ್ಟೆಯಲ್ಲಿ ಜಾಲಿಸಿ. ಟಾಲ್ಕಂ ಪೌಡರಿನಷ್ಟು ನಯ ಆಗಬೇಕು. ಆಮೇಲೆ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಪುಡಿಯಲ್ಲಿ ಚೆನ್ನಾಗಿ ಆಡಿಸಿ. ನಮ್ಮ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಅಯಸ್ಕಾಂತಕ್ಕೆ ಅಂಟುವ ಕಣಗಳು ಬಂದೇ ಬರುತ್ತವೆ. ಅವನ್ನು ತೆಗೆಯದೆ ಬಿಟ್ಟರೆ ಎಂಜಿನ್ ಓಡುವಾಗ ಮೋಟಾರಿನ ಅಯಸ್ಕಾಂತ ಅವನ್ನೆಲ್ಲ ಎಳೆದುಕೊಳ್ಳುತ್ತದೆ, ಮೋಟಾರ್ ಸವೆದು ಹಾಳಾಗುತ್ತದೆ. ಚೀಲವನ್ನು ತಿರುವಿ ತೆಗೆದರೆ ಕಣ ಒಳಗೇ ಉಳಿಯುತ್ತದೆ, ಅಯಸ್ಕಾಂತ ಸ್ವಚ್ಛ. ಅಯಸ್ಕಾಂತಕ್ಕೆ ಏನೂ ಹತ್ತದ ತನಕ ಮಾಡಿ. ಹಳಿ ಪಕ್ಕ ಹಾಕುವ ಮಣ್ಣಿಗೂ ಇದೇ ಕ್ರಮ.

ಮಣ್ಣು ಬೇಡ ಅನ್ನುವವರು ಸಾಫ್ಟ್ ಪಾಸ್ಟೆಲ್ ಕಡ್ಡಿಯನ್ನು ಉಪ್ಪುಕಾಗದಕ್ಕೆ ಉಜ್ಜಿ ಪುಡಿ ಮಾಡಿಕೊಳ್ಳಿ. ಅಂಗಡಿಯಲ್ಲಿ ಆಯಿಲ್ ಪಾಸ್ಟೆಲ್ ಕೊಟ್ಟುಬಿಡುತ್ತಾರೆ, ನೋಡಿ ತೆಗೆದುಕೊಳ್ಳಿ. ಆಯಿಲ್ ಪಾಸ್ಟೆಲ್ ಪುಡಿಯಾಗುವುದಿಲ್ಲ, ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ.

ಪುಡಿ ನಿಲ್ಲಬೇಕಾದರೆ ಅಡಿಯಲ್ಲಿ ಮಂಕು ಪದರ ಬೇಕು. ಹೊಳಪಿನ ಪ್ಲಾಸ್ಟಿಕ್ ಮೇಲೆ ಹಾಕಿದರೆ ಊದಿದ ಕೂಡಲೇ ಹೋಗುತ್ತದೆ. ಮೊದಲು ಮ್ಯಾಟ್ ವಾರ್ನಿಷ್, ಅದು ಒಣಗಿದ ಮೇಲೆ ಪುಡಿ, ಕೊನೆಗೆ ಮತ್ತೊಂದು ತೆಳು ಮ್ಯಾಟ್. ಕೊನೆಯ ಪದರ ಹೊಡೆದಾಗ ಪುಡಿಯ ಬಣ್ಣ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಗಾಬರಿ ಬೇಡ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿಟ್ಟರೆ ಸರಿಹೋಗುತ್ತದೆ. ಕೈ ತಾಗದ ಜಾಗವಾದರೆ ಕೊನೆಯ ಪದರವೇ ಬೇಡ. ಗಾಲಿ ಚೌಕಟ್ಟಿಗೆ ನಾನು ಹಾಗೇ ಬಿಡುತ್ತೇನೆ.

ಜಾಲರಿಗಳಿಗೆ ಪುಡಿಗಿಂತ ವಾಶ್ ಒಳ್ಳೆಯದು. ಕಡುಬೂದು ಬಣ್ಣವನ್ನು ಚಹಾದ ಡಿಕಾಕ್ಷನ್‌ಗಿಂತ ತೆಳ್ಳಗೆ ಮಾಡಿ, ಜಾಲರಿ ಮೇಲೆ ಹರಿಯಲು ಬಿಡಿ. ಸಂದಿಗೆ ಇಳಿದು ನಿಲ್ಲುತ್ತದೆ. ಮೇಲೆ ಉಳಿದದ್ದನ್ನು ಕಿವಿ ಬಡ್ಸ್‌ನಿಂದ ಒರೆಸಿ. ಒರೆಸುವುದು ಯಾವಾಗಲೂ ಮೇಲಿಂದ ಕೆಳಕ್ಕೆ, ಮಳೆ ಇಳಿಯುವ ದಿಕ್ಕಿಗೆ. ಅಡ್ಡ ಒರೆಸಿದ ಗೆರೆ ಎಂಜಿನ್ ಮೇಲೆ ಎಲ್ಲೂ ಇರುವುದಿಲ್ಲ. ಒಂದು ಎಚ್ಚರಿಕೆ. ಮ್ಯಾಟ್ ವಾರ್ನಿಷ್ ಹೊಡೆದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಲೆಸಿದ ವಾಶ್ ಹಾಕಬೇಡಿ. ಕೆಲವು ಮ್ಯಾಟ್ ವಾರ್ನಿಷ್‌ಗಳು ಅದು ತಾಗಿದರೆ ಬಿಳಿಚಿಕೊಳ್ಳುತ್ತವೆ. ನೀರಿನ ಅಕ್ರಿಲಿಕ್ ಸಾಕು.

ಇನ್ನೊಂದು, ನಮ್ಮ ಕರಾವಳಿಯವರಿಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರೇ ಡಬ್ಬಿ ಮುಟ್ಟಲೇಬೇಡಿ ಅನ್ನುತ್ತೇನೆ. ಗಾಳಿಯಲ್ಲಿ ತೇವ ತುಂಬಿರುವಾಗ ವಾರ್ನಿಷ್ ಹೊಡೆದರೆ ಅದು ಒಣಗುತ್ತಾ ತಣ್ಣಗಾಗಿ, ತೇವವನ್ನು ಹಿಡಿದುಕೊಂಡು ಬೂಷ್ಟು ಬಂದ ಹಾಗೆ ಬಿಳಿ ಆಗುತ್ತದೆ. ಮಾಡಲೇಬೇಕು ಅಂತಿದ್ದರೆ ಬ್ರಷ್‌ನಲ್ಲಿ ಬಳಿಯುವ ನೀರಿನ ಮ್ಯಾಟ್ ತೆಗೆದುಕೊಳ್ಳಿ.

ಆದೋನಿ ಆಲ್ಕೋ:

ಅಕ್ಕ, ನಮಗೆ ಅದರ ಉಲ್ಟಾ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಸ್ಪ್ರೇ ಹೊಡೆದರೆ ಬಣ್ಣ ಎಂಜಿನ್ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗುತ್ತದೆ. ಮೇಲ್ಮೈ ಉಪ್ಪುಕಾಗದದ ಹಾಗೆ ಒರಟಾಗುತ್ತದೆ. ನಾವು ಬೆಳಗಿನ ಜಾವ ಹೊಡೆಯುವುದು. ಏರ್‌ಬ್ರಷ್ ಆದರೆ ಬಣ್ಣಕ್ಕೆ, ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಎರಡು ಹನಿ, ಮತ್ತೆ ಎಂಜಿನ್ನಿಗೆ ಇನ್ನಷ್ಟು ಹತ್ತಿರ ಹಿಡಿದು ಹೊಡೆಯಬೇಕು.

ಗುಂತಕಲ್ಲಿನ ಮೀಟರ್ ಗೇಜ್ ಕಾಲ ಮಾಡುವವರು ಯಾರಾದರೂ ಇದ್ದಾರಾ? ವೈಡಿಎಂ-4 ಎಂಬ ಮೀಟರ್ ಗೇಜ್ ಡೀಸೆಲ್ ಎಂಜಿನ್ ಮಾಡಲು ನನಗೆ ಬಹಳ ಆಸೆ. ಕಾಕಾ ಹೇಳಿದ ಗೇಜ್ ತೊಂದರೆ ಅಲ್ಲಿ ಇಲ್ಲ. 1000 ಮಿಲಿಮೀಟರ್ ಅನ್ನು 87ರಿಂದ ಭಾಗಿಸಿದರೆ 11.5. 12 ಮಿಲಿಮೀಟರ್ ಹಳಿ ತಯಾರಾಗಿ ಸಿಗುತ್ತದೆ. ಬಾಡಿ ಮಾತ್ರ ರೆಸಿನ್‌ನಲ್ಲಿ 3ಡಿ ಪ್ರಿಂಟ್ ಮಾಡಿಸಬೇಕು.

ಗೂಡಲೂರು ಬೆಟ್ಟ:

ಮೀಟರ್ ಗೇಜ್ ಅಂದ ಕೂಡಲೇ ಬಂದೆ. ನಮ್ಮ ನೀಲಗಿರಿ ಗಾಡಿ ಇವತ್ತಿಗೂ ಮೀಟರ್ ಗೇಜ್. ಆದೋನಿ ಅಣ್ಣ, ವೈಡಿಎಂ-4 ನೋಡಬೇಕೆಂದರೆ ಕೂನೂರಿಗೆ ಬನ್ನಿ. ಕೂನೂರಿನಿಂದ ಊಟಿಗೆ ಅದೇ ಎಳೆಯುವುದು.

ಉಗಿ ಎಂಜಿನ್ ಮಾಡುವವರಿಗೆ ಎರಡು ಮಾತು. ಮೇಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವಾಗ ಎಕ್ಸ್ ಕ್ಲಾಸ್ ಎಂಜಿನ್ ಹಿಂದಿನಿಂದ ತಳ್ಳುತ್ತದೆ. ಮಾಡೆಲ್‌ನಲ್ಲಿ ಮುಂದೆ ಕಟ್ಟಿ ಹತ್ತಿಸಿದರೆ ನಮ್ಮ ಊರಿನ ಸಣ್ಣ ಮಕ್ಕಳೂ ತಪ್ಪು ಹಿಡಿಯುತ್ತಾರೆ. ಪ್ರತಿ ಬೋಗಿಯ ಮುಂದೆಯೂ ಒಬ್ಬ ಬ್ರೇಕ್ಸ್‌ಮನ್ ಹಸಿರು, ಕೆಂಪು ಬಾವುಟ ಹಿಡಿದು ನಿಂತಿರುತ್ತಾನೆ. ಆ ಮನುಷ್ಯರನ್ನು ಇಟ್ಟರೇ ಗಾಡಿಗೆ ಜೀವ.

ಬಣ್ಣದ ವಿಷಯದಲ್ಲಿ, ಉಗಿ ಎಂಜಿನ್ನಿಗೆ ಡೀಸೆಲ್ಲಿನ ಕಂದು ಲೆಕ್ಕ ಹೊಂದುವುದಿಲ್ಲ. ಸೇಫ್ಟಿ ವಾಲ್ವ್, ಪೈಪ್ ಜೋಡಣೆ, ನೀರು ತುಂಬುವ ಜಾಗದಲ್ಲಿ ಸುಣ್ಣದ ಬಿಳಿ ಗೆರೆಗಳು ಬೀಳುತ್ತವೆ. ನೀರು ಆವಿಯಾಗಿ ಅದರಲ್ಲಿದ್ದ ಸುಣ್ಣ ಉಳಿದದ್ದು ಅದು. ತಿಳಿ ಬೂದುಬಿಳಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯಿರಿ. ಬೆಟ್ಟ ಹತ್ತಲು ಎರಡು ಹಳಿಗಳ ನಡುವೆ ಹಾಕಿದ ಹಲ್ಲಿನ ಹಳಿಯ ಸಾಲಿನಲ್ಲಿ ಗ್ರೀಸ್ ಧಾರಾಳ, ಅಲ್ಲಿ ನಡುವೆ ಕಪ್ಪು ಮಿರುಗು ಪಟ್ಟಿ ಬೇಕು.

ಕುಂಬಳೆ ಹಳಿ:

ಗೂಡಲೂರಿನವರೇ, ಹಿಂದಿನಿಂದ ತಳ್ಳುವ ಮಾತು ತುಂಬಾ ಒಳ್ಳೆಯದಾಯಿತು. ಇದೇ ನಾನು ಹೇಳುತ್ತಿರುವುದು. ಎಂಜಿನ್ ಎಲ್ಲಿ ಕಟ್ಟುತ್ತಾರೆ, ಯಾವ ಬೋಗಿ ಹಿಂದೆ ಬರುತ್ತದೆ, ಕೊಂಡಿ ಯಾವುದು ಎಂಬುದೂ ಎಂಜಿನ್ನಿನ ನೈಜತೆಯ ಭಾಗವೇ. ಐಸಿಎಫ್ ಬೋಗಿಗೆ ಸ್ಕ್ರೂ ಕಪ್ಲಿಂಗ್, ಪಕ್ಕದಲ್ಲಿ ಬಫರ್. ಬಫರ್ ತಟ್ಟೆಯ ನಡುವೆ ಗ್ರೀಸಿನ ಕಪ್ಪು ಗುರುತು. ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿ ಕಟ್ಟಿದರೆ ನಡುವಿನ ಸಿಬಿಸಿ (ಸೆಂಟರ್ ಬಫರ್ ಕಪ್ಲರ್) ಕೊಂಡಿ. ಮಾಡೆಲ್‌ನ ದೊಡ್ಡ ಪ್ಲಾಸ್ಟಿಕ್ ಕೊಕ್ಕೆಯನ್ನು ಎಂಜಿನ್ನಿನ ಮುಂದಿನ ತುದಿಯಿಂದಲಾದರೂ ತೆಗೆದುಬಿಡಿ. ಅಲ್ಲಿ ಯಾವ ಬೋಗಿಯನ್ನೂ ಕಟ್ಟುವುದಿಲ್ಲ ಅಲ್ವಾ. ಆ ಜಾಗಕ್ಕೆ ಸ್ಕ್ರೂ ಕಪ್ಲಿಂಗ್, ಏರ್ ಪೈಪ್ ಹಾಕಿದರೆ ಮುಖದ ಲಕ್ಷಣವೇ ಬದಲಾಗುತ್ತದೆ.

ಈಗ ಅಕ್ಷರದ ವಿಷಯಕ್ಕೆ ಬರುತ್ತೇನೆ. ಎಂಜಿನ್ ನಂಬರ್, ಶೆಡ್ಡಿನ ಹೆಸರು ಬರೆಯಬೇಕು. ನನಗೆ ಈರೋಡ್ ಶೆಡ್ ಬೇಕು. ಮನೆಯ ಪ್ರಿಂಟರ್‌ನಲ್ಲಿ ಬಿಳಿ ಅಕ್ಷರ ಬರುವುದಿಲ್ಲ. ಏನು ದಾರಿ?

ಹೊಸೂರು ಹನ್ನೆರಡು ವೋಲ್ಟ್:

ಬಿಳಿ ಇಂಕ್ ಮನೆ ಪ್ರಿಂಟರ್‌ನಲ್ಲಿ ಇರುವುದೇ ಇಲ್ಲ ಅಣ್ಣ. ಬಿಳಿ ಅಂದರೆ ಅದಕ್ಕೆ ಕಾಗದದ ಬಣ್ಣ. ಒಂದು ದಾರಿ, ನೀರಲ್ಲಿ ನೆನೆಸಿ ಅಂಟಿಸುವ ಬಿಳಿ ಹಿನ್ನೆಲೆಯ ಡೆಕಾಲ್ ಕಾಗದದಲ್ಲಿ ಅಕ್ಷರ ಖಾಲಿ ಬಿಟ್ಟು ಸುತ್ತ ಎಂಜಿನ್ ಬಣ್ಣವನ್ನೇ ಪ್ರಿಂಟ್ ಮಾಡುವುದು. ಬಣ್ಣ ಹೊಂದಿಸುವುದು ಕಷ್ಟ, ಆದರೆ ಅಂಚಿಗೆ ಸ್ವಲ್ಪ ಬಣ್ಣ ಬಳಿದು ಮೇಲೆ ಧೂಳು ಪುಡಿ ಹಾಕಿದರೆ ಗೊತ್ತಾಗುವುದಿಲ್ಲ. ಇನ್ನೊಂದು ದಾರಿ, ಬಿಳಿ ಟೋನರ್ ಇರುವ ಪ್ರಿಂಟರ್ ಇಟ್ಟುಕೊಂಡವರ ಹತ್ತಿರ ಮಾಡಿಸುವುದು. ಒಂದು ಎ4 ಹಾಳೆಯಲ್ಲಿ ಸಿಕ್ಕಾಪಟ್ಟೆ ನಂಬರ್ ಹಿಡಿಯುತ್ತದೆ. ನಾವೆಲ್ಲ ಸೇರಿ ಒಂದೇ ಹಾಳೆ ಮಾಡಿಸಿದರೆ ಖರ್ಚೂ ಕಡಿಮೆ.

ಡೆಕಾಲ್ ಅಂಟಿಸುವ ಜಾಗ ಹೊಳಪಾಗಿರಬೇಕು. ಮ್ಯಾಟ್ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಿ ಹಾಗೆ ಮಿನುಗುತ್ತದೆ. ಮೊದಲು ಹೊಳಪಿನ ವಾರ್ನಿಷ್, ಮೇಲೆ ಡೆಕಾಲ್, ಆಮೇಲೆ ಅಕ್ಕ ಹೇಳಿದ ಮ್ಯಾಟ್.

ಅಕ್ಕಲಕೋಟೆ ಸಿಗ್ನಲ್:

ಬಣ್ಣದ ಪಟ್ಟಿ ಹೊಡೆಯುವವರಿಗೆ ಒಂದು ಸಣ್ಣ ಮಾತು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಕೆಂಪು ಎಂಜಿನ್ನಿಗೆ ಕ್ರೀಮ್ ಪಟ್ಟಿ ಬೇಕಾದರೆ ಮೊದಲು ಕ್ರೀಮ್ ಹೊಡೆದು, ಪಟ್ಟಿಯ ಅಗಲಕ್ಕೆ ಟೇಪ್ ಹಚ್ಚಿ, ಟೇಪಿನ ಅಂಚಿಗೆ ಮತ್ತೊಮ್ಮೆ ಕ್ರೀಮ್ ತೆಳ್ಳಗೆ ಹೊಡೆಯಿರಿ. ಸೋರುವುದಿದ್ದರೆ ಕ್ರೀಮೇ ಸೋರಿ ಸಂದಿ ಮುಚ್ಚುತ್ತದೆ. ಅದು ಒಣಗಿದ ಮೇಲೆ ಕೆಂಪು. ಟೇಪ್ ತೆಗೆದಾಗ ಗೆರೆ ಚೂರಿಯಲ್ಲಿ ಕೊಯ್ದಂಗ ಬರತದ.

ಕರೆಂಟ್ ಎಂಜಿನ್ ಮಾಡುವವರಿಗೂ ಒಂದು. ಎರಡೂ ಪ್ಯಾಂಟೋಗ್ರಾಫ್ ಎತ್ತಿ ನಿಲ್ಲಿಸಬ್ಯಾಡ್ರಿ. ಸಾಮಾನ್ಯವಾಗಿ ಓಡುವ ದಿಕ್ಕಿಗೆ ಹಿಂದಿನದನ್ನು ಮಾತ್ರ ಎತ್ತುತ್ತಾರೆ. ಅದು ಮುರಿದರೆ ಚೂರುಗಳು ಹಿಂದಕ್ಕೆ ಬೀಳಲಿ, ಮುಂದಿನದು ಉಳಿಯಲಿ ಎಂದು. ಚಾಲಕನ ಗೊಂಬೆ ಕೂರಿಸುವಾಗ ಎಡಗಡೆ ಲೋಕೋ ಪೈಲಟ್, ಬಲಗಡೆ ಸಹಾಯಕ. 1:87ರಲ್ಲಿ ಮನುಷ್ಯ 20 ಮಿಲಿಮೀಟರ್. ಅದಕ್ಕಿಂತ ದೊಡ್ಡ ಗೊಂಬೆ ಕೂರಿಸಿದರೆ ಕ್ಯಾಬ್ ಚಿಕ್ಕದಾಗಿ ಕಾಣುತ್ತದೆ.

ಕುಂಬಳೆ ಹಳಿ:

ಎಲ್ಲರಿಗೂ ದೊಡ್ಡ ಉಪಕಾರ. ಡೆಕಾಲ್ ಹಾಳೆಗೆ ನಾನು ತಯಾರು. ಯಾರಿಗೆ ಯಾವ ಶೆಡ್, ಯಾವ ನಂಬರ್ ಬೇಕು ಎಂದು ಇಲ್ಲೇ ಕೆಳಗೆ ಬರೆಯಿರಿ. ನನ್ನದು ಈರೋಡ್. ನಂಬರನ್ನು ಫೋಟೋ ನೋಡಿ ಗಟ್ಟಿ ಮಾಡಿಕೊಂಡು ಹಾಕುತ್ತೇನೆ. ಅಕ್ಕ, ಮುರಕಲ್ಲಿನ ಪುಡಿ ಇವತ್ತೇ ಹುರಿಯುತ್ತೇನೆ. ಸ್ಪ್ರೇ ಕೆಲಸ ಅಕ್ಟೋಬರ್ ಬಿಸಿಲು ಬಂದ ಮೇಲೆ.

ಆದೋನಿ ಆಲ್ಕೋ:

ನನಗೆ ಗೂಟಿ ಶೆಡ್ ಬೇಕು. ದೊಡ್ಡ ಅಕ್ಷರದಲ್ಲಿ ಇಂಗ್ಲಿಷ್, ಹಿಂದಿ ಎರಡೂ.

ಮಂಜೇಶ್ವರ ಬಣ್ಣ:

ತಮ್ಮ, ಅಕ್ಟೋಬರ್‌ನಲ್ಲಿ ಮ್ಯಾಟ್ ಹೊಡೆಯುವ ಮೊದಲು ಕ್ಯಾಬಿನ ಗಾಜುಗಳನ್ನು ಬಿಚ್ಚಿ ತೆಗೆದಿಡಿ. ಬರದಿದ್ದರೆ ಅಳತೆಗೆ ಟೇಪ್ ಕತ್ತರಿಸಿ ಹಚ್ಚಿ. ಹೆಡ್‌ಲೈಟಿಗೂ ಹಾಗೇ. ಗಾಜಿಗೆ ಮ್ಯಾಟ್ ಬಿದ್ದರೆ ಮಬ್ಬಾಗಿ, ಕಾಕಾ ಹೇಳಿದ ಚಾಲಕ ಒಳಗೆ ಕೂತದ್ದೇ ಕಾಣುವುದಿಲ್ಲ. ಗಾಲಿಯ ಅಂಚು ಮತ್ತು ಕರೆಂಟ್ ಹಿಡಿಯುವ ಪಟ್ಟಿಗಳನ್ನು ಕೊನೆಗೆ ಐಸೊಪ್ರೊಪೈಲ್ ಹಚ್ಚಿದ ಬಡ್ಸ್‌ನಲ್ಲಿ ಒರೆಸಿ, ಆಮೇಲೆ ಹಳಿ ಮೇಲೆ ಇಡಿ. ನಮ್ಮ ಉಪ್ಪು ಗಾಳಿಗೆ ಹಳಿಯನ್ನೂ ಆಗಾಗ ಒರೆಸಬೇಕು, ಹಿತ್ತಾಳೆ ಹಳಿ ಆದರಂತೂ ಪ್ರತಿ ಸಲ ಓಡಿಸುವ ಮೊದಲು.